ನಮಾಝ್ ಆ್ಯಪ್ ಹಾಕಿಕೊಂಡಿರಾ? ಮೊದಲು ಸೆಟ್ಟಿಂಗ್ಸ್ ತೆರೆಯಿರಿ

ಮಾರ್ಚ್ ಮೂರನೇ ವಾರ, ಬೆಂಗಳೂರು. ಒಂದೇ ಮನೆ, ಎರಡು ಫೋನು, ಎರಡರಲ್ಲೂ ಅದೇ ಆ್ಯಪ್. ಅಸರ್, ಅಂದರೆ ಇಳಿಹೊತ್ತಿನ ನಮಾಝಿನ ವೇಳೆ ಒಂದರಲ್ಲಿ 3.45ರ ಸುಮಾರಿಗೆ, ಇನ್ನೊಂದರಲ್ಲಿ 4.48ರ ಸುಮಾರಿಗೆ. ಎರಡರಲ್ಲಿ ಯಾವುದೂ ಕೆಟ್ಟಿಲ್ಲ. ಒಂದು ಶಾಫಿ ಮದ್‌ಹಬ್‌ನ (ಧರ್ಮಶಾಸ್ತ್ರದ ಒಂದು ಪಂಥದ) ಲೆಕ್ಕಕ್ಕಿದೆ, ಇನ್ನೊಂದು ಹನಫಿ ಮದ್‌ಹಬ್‌ನ ಲೆಕ್ಕಕ್ಕೆ. ಇದನ್ನು ನೋಡದೆ ‘ವೇಳೆ ತಪ್ಪು ತೋರಿಸುತ್ತದೆ’ ಎಂದು ಒಂದು ಸ್ಟಾರ್ ಕೊಟ್ಟು ಆ್ಯಪ್ ತೆಗೆದುಹಾಕುವವರಿದ್ದಾರೆ. ಅದಕ್ಕಿಂತ ಕಷ್ಟದವರು, ಏನನ್ನೂ ನೋಡದೆ ಐದು ಸ್ಟಾರ್ ಕೊಟ್ಟು ಅದನ್ನೇ ನಂಬಿ ಸಹರಿ (ಉಪವಾಸಕ್ಕೆ ಮುಂಚಿನ ಬೆಳಗಿನ ಜಾವದ ಊಟ) ಮುಗಿಸುವವರು.

ಮುಸ್ಲಿಂ ಪ್ರೊ, ಅಥಾನ್ ಮೊದಲಾಗಿ ಈ ಜಾತಿಯ ಆ್ಯಪ್‌ಗಳು ಬೇಕಾದಷ್ಟಿವೆ. ಹೊರಗಿನ ಬಣ್ಣ ಬೇರೆಯಾದರೂ ಒಳಗಿನ ಗಣಿತ ಒಂದೇ: ಊರಿನ ಅಕ್ಷಾಂಶ-ರೇಖಾಂಶ, ತಾರೀಖು, ಸೂರ್ಯನ ಕೋನ. ಈ ಮೂರನ್ನು ಸೂತ್ರಕ್ಕೆ ಹಾಕಿದರೆ ಐದು ವೇಳೆಗಳು ಹೊರಬರುತ್ತವೆ. ಹಾಗಾಗಿ ಯಾವ ಆ್ಯಪ್ ಒಳ್ಳೆಯದು ಎಂಬ ಪ್ರಶ್ನೆಗಿಂತ, ಅದು ಕೇಳುವ ನಾಲ್ಕೈದು ಪ್ರಶ್ನೆಗಳಿಗೆ ನೀವು ಕೊಟ್ಟ ಉತ್ತರ ಸರಿಯಿದೆಯೇ ಎಂಬುದೇ ಮುಖ್ಯ. ಆ ಪ್ರಶ್ನೆಗಳು ತಾಂತ್ರಿಕವಾಗಿ ಕಂಡರೂ ಎಲ್ಲವೂ ದೀನಿನ (ಧರ್ಮದ) ಮೂಲ ಪದಗಳೇ: ವಕ್ತ್, ಮದ್‌ಹಬ್, ಕಿಬ್ಲಾ, ಹಿಜ್ರಿ, ನಿಸಾಬ್. ಪದದ ಅರ್ಥ ತಿಳಿದವರ ಕೈಯಲ್ಲಿ ಇವು ನಾಲ್ಕು ಸ್ಟಾರಿನ ವಸ್ತು. ಅಂಗಡಿಯಿಂದ ಬಂದ ಹಾಗೇ ಬಳಸಿದರೆ ಎರಡಕ್ಕಿಂತ ಹೆಚ್ಚು ಕೊಡಲಾಗದು.

ವಕ್ತ್ ಎಂದರೆ ಒಂದು ನಮಾಝಿಗೆ ಗೊತ್ತಾದ ಕಾಲಾವಧಿ. ಗಡಿಯಾರ ಬರುವುದಕ್ಕೆ ಎಷ್ಟೋ ಮೊದಲಿನ ಮಾತು ಇದು, ಎಲ್ಲವೂ ಸೂರ್ಯನನ್ನು ನೋಡಿ ಹೇಳಿದ್ದು. ಪೂರ್ವ ದಿಗಂತದ ಮೇಲೆ ಅಡ್ಡಲಾಗಿ ಬಿಳುಪು ಹರಡಿದಾಗ ಫಜ್ರ್ ಶುರು. ಇದಕ್ಕೆ ಸುಬಹ್ ಸಾದಿಕ್ ಎನ್ನುತ್ತಾರೆ. ಅದಕ್ಕೂ ಮೊದಲು ಕಂಬದ ಹಾಗೆ ಮೇಲಕ್ಕೆ ಕಂಡು ಮಾಯವಾಗುವ ಬೆಳಕು ಸುಬಹ್ ಕಾಝಿಬ್, ಲೆಕ್ಕಕ್ಕಿಲ್ಲ. ಸೂರ್ಯ ನೆತ್ತಿ ದಾಟಿದರೆ ಝುಹರ್ (ಕರಾವಳಿಯಲ್ಲಿ ಲುಹರ್), ನೆರಳು ಒಂದು ಅಳತೆಗೆ ಉದ್ದವಾದರೆ ಅಸರ್, ಸೂರ್ಯಬಿಂಬ ಪೂರ್ತಿ ಮುಳುಗಿದರೆ ಮಗ್ರಿಬ್, ಪಡುವಣದ ಸಂಜೆಬೆಳಕು ಅಂದರೆ ಶಫಕ್ ಅಳಿಸಿಹೋದರೆ ಇಶಾ. ಝುಹರ್ ಮತ್ತು ಮಗ್ರಿಬ್‌ನಲ್ಲಿ ಆ್ಯಪ್ ಎಡವುವುದು ಕಡಿಮೆ. ತಕರಾರೆಲ್ಲ ಉಳಿದ ಮೂರರಲ್ಲಿ.

ಫಜ್ರ್ ಮತ್ತು ಇಶಾಕ್ಕೆ ಆ್ಯಪ್ ಕೇಳುವುದು ‘ಲೆಕ್ಕದ ವಿಧಾನ ಯಾವುದು’ ಎಂದು. ಸೂರ್ಯ ದಿಗಂತದ ಕೆಳಗೆ ಎಷ್ಟು ಡಿಗ್ರಿ ಇದ್ದಾಗ ಬಿಳುಪು ಕಾಣುತ್ತದೆ ಎಂಬುದರಲ್ಲಿ ಸಂಸ್ಥೆಗೊಂದು ಅಭಿಪ್ರಾಯ. ಕರಾಚಿಯ ಇಸ್ಲಾಮಿಕ್ ವಿಜ್ಞಾನಗಳ ವಿಶ್ವವಿದ್ಯಾಲಯದ ವಿಧಾನದಲ್ಲಿ ಎರಡಕ್ಕೂ 18 ಡಿಗ್ರಿ. ಮುಸ್ಲಿಂ ವರ್ಲ್ಡ್ ಲೀಗ್‌ನದು ಫಜ್ರಿಗೆ 18, ಇಶಾಕ್ಕೆ 17. ಈಜಿಪ್ಟಿನದು 19.5 ಮತ್ತು 17.5. ಉತ್ತರ ಅಮೆರಿಕದ ಇಸ್ನಾ ವಿಧಾನದಲ್ಲಿ ಎರಡಕ್ಕೂ 15. ಮಕ್ಕಾದ ಉಮ್ಮುಲ್ ಖುರಾ ಪಟ್ಟಿ ಫಜ್ರಿಗೆ 18.5 ಹಿಡಿಯುತ್ತದೆ, ಇಶಾಕ್ಕೆ ಕೋನವನ್ನೇ ಬಿಟ್ಟು ಮಗ್ರಿಬ್ ಆದ 90 ನಿಮಿಷಕ್ಕೆ, ರಮಝಾನಿನಲ್ಲಿ 120 ನಿಮಿಷಕ್ಕೆ, ಎಂದು ಕಟ್ಟಿಬಿಟ್ಟಿದೆ.

ನಮ್ಮ ಕಡೆಗೆ ಹೊಂದುವುದು ಕರಾಚಿ ವಿಧಾನ. ಪಟ್ಟಿಯಲ್ಲಿ ಪಾಕಿಸ್ತಾನದ ಊರಿನ ಹೆಸರು ಕಂಡು ಮುಂದಕ್ಕೆ ಸರಿಸಬೇಡಿ. ಬೇಕಾದದ್ದು ಹೆಸರಲ್ಲ, 18 ಎಂಬ ಅಂಕಿ.

ಬೆಂಗಳೂರಿನ ಅಕ್ಷಾಂಶದಲ್ಲಿ ಒಂದು ಡಿಗ್ರಿ ಎಂದರೆ ನಾಲ್ಕು ನಿಮಿಷಕ್ಕೆ ಸ್ವಲ್ಪ ಮೇಲೆ. ಆ್ಯಪ್ ಇಸ್ನಾ ವಿಧಾನದಲ್ಲಿ ಸಿಕ್ಕಿಕೊಂಡಿದ್ದರೆ 18ಕ್ಕೂ 15ಕ್ಕೂ ನಡುವೆ 12ರಿಂದ 14 ನಿಮಿಷ ವ್ಯತ್ಯಾಸ. ಉಪವಾಸ ಶುರುವಾಗುವುದು ಸುಬಹ್ ಸಾದಿಕ್‌ನಿಂದ. ಅಂದರೆ ಮಸೀದಿಯ ಪಟ್ಟಿಯ ಪ್ರಕಾರ ಸಹರಿ ಮುಗಿದು ಹತ್ತು ನಿಮಿಷವಾದರೂ ಇವರು ಇನ್ನೂ ನೀರು ಕುಡಿಯುತ್ತಿರುತ್ತಾರೆ, ಅದೂ ತಿಂಗಳಿಡೀ. ಪರೀಕ್ಷೆ ಸುಲಭ: ಆ್ಯಪ್ ತೋರಿಸುವ ಫಜ್ರಿಗೂ ಸೂರ್ಯೋದಯಕ್ಕೂ ನಡುವಿನ ಅಂತರ ಎಣಿಸಿ. ಬೆಂಗಳೂರು-ಮಂಗಳೂರು ಸಾಲಿನ ಊರುಗಳಲ್ಲಿ ಅದು ವರ್ಷದ ಕಾಲಕ್ಕೆ ತಕ್ಕಂತೆ 70ರಿಂದ 79 ನಿಮಿಷವಿದ್ದರೆ ಒಳಗೆ 18 ಡಿಗ್ರಿ ಇದೆ ಎಂದರ್ಥ. 58ರಿಂದ 65 ಇದ್ದರೆ 15 ಡಿಗ್ರಿ, ಕೂಡಲೇ ಬದಲಿಸಿ.

ಕೊಲ್ಲಿಯಿಂದ ರಜೆಗೆ ಬಂದವರ ಫೋನಿನಲ್ಲಿ ಇನ್ನೊಂದು ತಮಾಷೆ. ಊರು ತಾನಾಗಿಯೇ ಬದಲಾಗಿರುತ್ತದೆ, ವಿಧಾನ ಮಾತ್ರ ಉಮ್ಮುಲ್ ಖುರಾದಲ್ಲೇ ನಿಂತಿರುತ್ತದೆ. ಇಶಾ ಹತ್ತಿಪ್ಪತ್ತು ನಿಮಿಷ ತಡವಾಗಿ ತೋರಿಸುವುದರಿಂದ ನಷ್ಟವಿಲ್ಲ. ಆದರೆ ಫಜ್ರ್ ಎರಡು ನಿಮಿಷ ಮುಂಚೆ ಬರುತ್ತದೆ. ಸಹರಿಗೆ ಅದು ಒಳ್ಳೆಯದೇ. ಅಲಾರಾಂ ಹೊಡೆದ ತಕ್ಷಣ ನಮಾಝಿಗೆ ನಿಂತರೆ ಮಾತ್ರ ವಕ್ತ್ ಆಗುವ ಮೊದಲೇ ನಿಂತ ಹಾಗಾಗುತ್ತದೆ. ಹಾಗೆಯೇ ಕೆಲವು ಆ್ಯಪ್‌ಗಳಲ್ಲಿ ಫಜ್ರಿಗಿಂತ ಹತ್ತು ನಿಮಿಷ ಮೊದಲು ‘ಇಮ್ಸಾಕ್’ ಎಂಬ ಇನ್ನೊಂದು ವೇಳೆ ಕಾಣುತ್ತದೆ. ಅದು ಎಚ್ಚರಿಕೆಯ ಗೆರೆ ಅಷ್ಟೇ, ಉಪವಾಸದ ಗಡಿಯಲ್ಲ.

ಈಗ ಅಸರ್. ಕೋಲೊಂದನ್ನು ನೆಟ್ಟಗೆ ನಿಲ್ಲಿಸಿ. ನಡುಹಗಲಲ್ಲಿ ಅದಕ್ಕೆ ಎಷ್ಟು ನೆರಳಿತ್ತೋ ಅದನ್ನು ಬಿಟ್ಟು, ಉಳಿದ ನೆರಳು ಕೋಲಿನಷ್ಟೇ ಉದ್ದವಾದಾಗ ಅಸರ್ ಎಂಬುದು ಶಾಫಿ, ಮಾಲಿಕಿ, ಹಂಬಲಿ ಮದ್‌ಹಬ್‌ಗಳ ಮಾತು. ಕೋಲಿನ ಎರಡರಷ್ಟಾದಾಗ ಎಂಬುದು ಹನಫಿಗಳಲ್ಲಿ ನಡೆಯುವ ಅಭಿಪ್ರಾಯ. ಬೆಂಗಳೂರಿನಲ್ಲಿ ಇವೆರಡರ ನಡುವೆ ಡಿಸೆಂಬರಿನಲ್ಲಿ 50 ನಿಮಿಷದಷ್ಟು, ಜೂನಿನಲ್ಲಿ ಒಂದು ಗಂಟೆ ಎಂಟು ನಿಮಿಷದಷ್ಟು ಅಂತರ. ಆ್ಯಪ್‌ನಲ್ಲಿ ಇದು ‘ಸ್ಟ್ಯಾಂಡರ್ಡ್’ ಮತ್ತು ‘ಹನಫಿ’ ಎಂಬ ಎರಡೇ ಆಯ್ಕೆಯಾಗಿರುತ್ತದೆ. ಸ್ಟ್ಯಾಂಡರ್ಡ್ ಎಂಬ ಪದ ನೋಡಿ ‘ಅದೇ ಸರಿಯಿರಬೇಕು’ ಎಂದು ಹನಫಿಗಳೂ ಬಿಟ್ಟುಬಿಡುತ್ತಾರೆ. ಪದ ಆರಿಸಿದವರ ತಪ್ಪದು. ‘ಶಾಫಿ ಮತ್ತು ಇತರರು’ ಎಂದು ಬರೆದಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

ಕರ್ನಾಟಕದಲ್ಲಿ ಈ ಒಂದು ಸೆಟ್ಟಿಂಗ್ ಬಹಳ ಲೆಕ್ಕಕ್ಕೆ ಬರುತ್ತದೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಘಟ್ಟದ ಮೇಲೆ ದಖ್ಖನಿ ಮಾತಾಡುವವರು ಬಹುಪಾಲು ಹನಫಿಗಳು. ಕೆಲಸಕ್ಕೆಂದು ಮಂಗಳೂರಿನಿಂದ ಬೆಂಗಳೂರಿಗೆ ಬಂದವರು ಆ್ಯಪ್‌ನ ಅಝಾನ್ ಕೇಳಿ ಹತ್ತಿರದ ಮಸೀದಿಗೆ ಹೋದರೆ ಬಾಗಿಲು ಹಾಕಿರುವುದುಂಟು, ಜಮಾಅತ್‌ಗೆ (ಸಾಮೂಹಿಕ ನಮಾಝಿಗೆ) ಇನ್ನೂ ಒಂದು ಗಂಟೆಯ ಮೇಲಿರುತ್ತದೆ. ಇನ್ನೊಂದು ಮಾತು: ಆ್ಯಪ್ ಹೇಳುವುದು ವಕ್ತ್ ಶುರುವಾಗುವ ಗಳಿಗೆಯನ್ನು. ಮಸೀದಿಯ ಅಝಾನ್, ಅದಾದ ಮೇಲೆ ಇಕಾಮತ್ (ಸಾಲಿಗೆ ನಿಲ್ಲಲು ಕೊಡುವ ಎರಡನೇ ಕರೆ), ಜಮಾಅತ್ ಇವೆಲ್ಲ ಆಯಾ ಮಸೀದಿಯವರು ಗೊತ್ತು ಮಾಡಿದ್ದು. ಗೋಡೆಯ ಮೇಲಿನ ಫಲಕವೇ ಅದಕ್ಕೆ ಆಧಾರ.

ಊರಿನ ವಿಷಯಕ್ಕೆ ಬಂದರೆ, ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 108 ಕಿಲೋಮೀಟರು, ಅಂದರೆ ಪೂರ್ವ-ಪಶ್ಚಿಮವಾಗಿ 27 ಕಿಲೋಮೀಟರಿಗೆ ಒಂದು ನಿಮಿಷ. ಬೆಂಗಳೂರಿಗೂ ಮಂಗಳೂರಿಗೂ 11 ನಿಮಿಷದ ವ್ಯತ್ಯಾಸ. ಊರನ್ನು ಕೈಯಿಂದ ‘ಬೆಂಗಳೂರು’ ಎಂದು ಕಟ್ಟಿಹಾಕಿ, ಬಸ್ಸಿಳಿದ ಮಂಗಳೂರಿನಲ್ಲಿ ಅದೇ ಆ್ಯಪ್ ನೋಡಿ ಇಫ್ತಾರ್ ಮಾಡಿದರೆ ಸೂರ್ಯ ಇನ್ನೂ ಕಡಲ ಮೇಲೆ ಕಣ್ಣಿಗೆ ಕಾಣುತ್ತಿರುತ್ತಾನೆ. ಉಪವಾಸ ಮುರಿಯಿತು, ಕಝಾ (ಬದಲಿಗೆ ಇನ್ನೊಂದು ದಿನದ ಉಪವಾಸ) ಹಿಡಿಯಬೇಕು. ರಾತ್ರಿ ಬಸ್ಸಿನಲ್ಲಿ ಹೋಗುವವರಿಗೆ ಸಹರಿಯಲ್ಲಿ ಇದೇ ತೊಂದರೆ ತಿರುವುಮುರುವು: ಮಂಗಳೂರಿನ ಊರೇ ಉಳಿದಿದ್ದರೆ ಬೆಂಗಳೂರಿನಲ್ಲಿ ಫಜ್ರ್ ಆಗಿ 11 ನಿಮಿಷದ ಮೇಲೆ ಆ್ಯಪ್ ಎಚ್ಚರಿಸುತ್ತದೆ.

ಎತ್ತರದ ಲೆಕ್ಕ ಸೇರಿಸುವ ಆಯ್ಕೆ ಕೆಲವು ಆ್ಯಪ್‌ಗಳಲ್ಲಿದೆ. ಅದನ್ನು ಮುಟ್ಟಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ ನಿಜ, ಆದರೆ ಸುತ್ತಲಿನ ನೆಲವೂ ಅಷ್ಟೇ ಎತ್ತರ, ದಿಗಂತ ಕೆಳಗಿಳಿಯುವುದಿಲ್ಲ. ಆ ಆಯ್ಕೆ ಹಾಕಿದರೆ ಮಗ್ರಿಬ್ ಸುಮ್ಮನೆ ನಾಲ್ಕು ನಿಮಿಷ ತಡವಾಗುತ್ತದೆ. ಎತ್ತರ ನಿಜವಾಗಿ ಲೆಕ್ಕಕ್ಕೆ ಬರುವುದು ಬಯಲಿನಿಂದ ನೇರ ಎದ್ದು ನಿಂತ ಕಡೆ ಮಾತ್ರ. ದುಬೈನ ಬುರ್ಜ್ ಖಲೀಫಾದಲ್ಲಿ 80ನೇ ಮಹಡಿಯ ಮೇಲಿರುವವರು ಇಫ್ತಾರಿಗೆ ಎರಡು ನಿಮಿಷ, 150ರ ಮೇಲಿನವರು ಮೂರು ನಿಮಿಷ ಹೆಚ್ಚು ಕಾಯಬೇಕೆಂದು ಅಲ್ಲಿನ ಮುಫ್ತಿಗಳು 2011ರಲ್ಲಿ ಹೇಳಿದ್ದರು.

ಅಝಾನ್ ಕೂಗದಿರುವುದು ಈ ಆ್ಯಪ್‌ಗಳ ಮೇಲಿರುವ ದೊಡ್ಡ ದೂರು. ಹತ್ತರಲ್ಲಿ ಒಂಬತ್ತು ಸಲ ತಪ್ಪು ಫೋನಿನದು. ಆಂಡ್ರಾಯ್ಡ್ ಫೋನು ಬ್ಯಾಟರಿ ಉಳಿಸಲೆಂದು, ಗಂಟೆಗಟ್ಟಲೆ ತೆರೆಯದ ಆ್ಯಪನ್ನು ಮಲಗಿಸಿಬಿಡುತ್ತದೆ. ಸರಿಯಾಗಿ ಫಜ್ರ್ ಹೊತ್ತಿಗೇ ಅದು ಮಲಗಿರುತ್ತದೆ. ಬ್ಯಾಟರಿ ಸೆಟ್ಟಿಂಗಿನಲ್ಲಿ ಈ ಆ್ಯಪ್‌ಗೆ ನಿರ್ಬಂಧ ತೆಗೆಯಿರಿ. ಶಓಮಿ, ಒಪ್ಪೊ, ವಿವೊ ಫೋನುಗಳಲ್ಲಿ ಆಟೋಸ್ಟಾರ್ಟ್ ಅನುಮತಿ ಬೇರೆಯೇ ಇರುತ್ತದೆ, ಅದನ್ನೂ ಕೊಡಬೇಕು. ಆಂಡ್ರಾಯ್ಡ್ 12ರಿಂದೀಚೆಗೆ ‘ಅಲಾರಾಂ ಮತ್ತು ರಿಮೈಂಡರ್’ ಎಂಬ ಮೂರನೇ ಅನುಮತಿಯೂ ಬಂದಿದೆ. ಅದಿಲ್ಲದಿದ್ದರೆ ಅಝಾನ್ ಐದು-ಹತ್ತು ನಿಮಿಷ ಆಚೀಚೆ ಬರುತ್ತದೆ. ಐಫೋನಿನಲ್ಲಿ ಸೂಚನೆಯ ಸದ್ದಿಗೆ 30 ಸೆಕೆಂಡಿನ ಮಿತಿ ಇರುವುದರಿಂದ ಪೂರ್ತಿ ಅಝಾನ್ ಬರದೆ ನಡುವೆ ನಿಲ್ಲುತ್ತದೆ. ಅದಕ್ಕೆ ಆ್ಯಪ್ ಮಾಡಿದವರನ್ನು ಬೈದು ಫಲವಿಲ್ಲ. ಅವರನ್ನು ಬೈಯಬೇಕಾದ ಜಾಗ ಬೇರೆ ಇದೆ: ಫಜ್ರ್ ಅಝಾನಿನಲ್ಲಿ ಮಾತ್ರ ಬರುವ ‘ಅಸ್ಸಲಾತು ಖೈರುಮ್ ಮಿನನ್ನೌಮ್’ (ನಿದ್ದೆಗಿಂತ ನಮಾಝ್ ಲೇಸು) ಎಂಬ ಸಾಲು ಇಲ್ಲದ ಧ್ವನಿಯನ್ನೇ ಐದೂ ಹೊತ್ತಿಗೆ ಹಾಕಿಟ್ಟರೆ ಅದು ಬರೀ ಉದಾಸೀನ. ಫಜ್ರಿಗೆ ಬೇರೆ ಧ್ವನಿ ಆರಿಸುವ ಅವಕಾಶ ಇದೆಯೇ ಎಂದು ಇಳಿಸಿಕೊಂಡ ದಿನವೇ ನೋಡಿಕೊಳ್ಳಿ.

ಕಿಬ್ಲಾ ದಿಕ್ಸೂಚಿ ನೋಡಲು ಚೆಂದ, ನಂಬಲು ಹುಷಾರು. ಕಿಬ್ಲಾ ಎಂದರೆ ಮಕ್ಕಾದ ಕಅಬಾದ ದಿಕ್ಕು. ನಮ್ಮಲ್ಲಿ ಬಾಯಿಮಾತಿಗೆ ‘ಪಶ್ಚಿಮ’ ಎನ್ನುವುದು ರೂಢಿ, ಆದರೆ ನೇರ ಪಶ್ಚಿಮವಲ್ಲ. ಉತ್ತರದಿಂದ ಪ್ರದಕ್ಷಿಣವಾಗಿ ಅಳೆದರೆ ಬೆಂಗಳೂರಿಗೆ ಸುಮಾರು 288.5 ಡಿಗ್ರಿ, ಮಂಗಳೂರಿಗೆ 289, ಕಲಬುರಗಿಗೆ 283, ಬೀದರಿಗೆ 282. ಅಂದರೆ ಪಶ್ಚಿಮದಿಂದ ಉತ್ತರಕ್ಕೆ ಬೆಂಗಳೂರಿನಲ್ಲಿ ಹದಿನೆಂಟೂವರೆ, ಬೀದರಿನಲ್ಲಿ ಹನ್ನೆರಡು ಡಿಗ್ರಿ ವಾಲಬೇಕು. ಗೋಡೆಯ ಭೂಪಟದ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ ಬೆಂಗಳೂರಿಗೆ 283 ಬರುತ್ತದೆ. ಐದು ಡಿಗ್ರಿಯ ಈ ತಪ್ಪು ದುಂಡನೆಯ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸಿದ್ದರ ಫಲ. ಆ್ಯಪ್ ಈ ಲೆಕ್ಕವನ್ನು ಸರಿಯಾಗಿಯೇ ಮಾಡುತ್ತದೆ. ಕೈಕೊಡುವುದು ಫೋನಿನೊಳಗಿನ ಕಾಂತ ಸಂವೇದಕ. ಆಯಸ್ಕಾಂತದ ಗುಂಡಿ ಇರುವ ಕವರ್, ಕಬ್ಬಿಣದ ಮಂಚ, ಬೀರು, ಕಾರಿನ ಒಳಗು, ಕಾಂಕ್ರೀಟ್ ಕಂಬದ ಪಕ್ಕ, ಎಲ್ಲೆಲ್ಲೂ ಮುಳ್ಳು ತನಗೆ ತೋಚಿದ ಕಡೆ ತಿರುಗುತ್ತದೆ. ಕವರ್ ತೆಗೆದು, ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ನಾಲ್ಕೈದು ಸಲ ಆಡಿಸಿ, ಅಂಗೈ ಮೇಲೆ ಮಟ್ಟಸವಾಗಿಟ್ಟು, ಕೋಣೆಯ ಎರಡು ಕಡೆ ನಿಂತು ನೋಡಿ. ಎರಡೂ ಕಡೆ ಒಂದೇ ಡಿಗ್ರಿ ಬಂದರೆ ಮಾತ್ರ ಒಪ್ಪಿಕೊಳ್ಳಿ.

ಆ್ಯಪ್ ಬೇಡದ ಪರೀಕ್ಷೆಯೂ ಒಂದಿದೆ, ಖರ್ಚಿಲ್ಲದ್ದು. ವರ್ಷಕ್ಕೆ ಎರಡು ಸಲ ಸೂರ್ಯ ಕಅಬಾದ ನೆತ್ತಿಯ ಮೇಲೆ ಬರುತ್ತಾನೆ: ಮೇ 27-28ರಂದು ನಮ್ಮ ಗಡಿಯಾರದ ಮಧ್ಯಾಹ್ನ 2.48ಕ್ಕೆ, ಜುಲೈ 15-16ರಂದು 2.57ಕ್ಕೆ. ಆ ಗಳಿಗೆಯಲ್ಲಿ ಸೂರ್ಯ ಯಾವ ಕಡೆಗಿದ್ದಾನೋ ಅದೇ ಕಿಬ್ಲಾ. ನೆಟ್ಟಗಿನ ಕೋಲಿನ ನೆರಳಿಗೆ ಗುರುತು ಹಾಕಿ, ಅದರ ಎದುರು ದಿಕ್ಕನ್ನು ನೆಲದ ಮೇಲೆ ಗೀಚಿಟ್ಟುಕೊಂಡರೆ ಮನೆಗೆ ಶಾಶ್ವತ ಗುರುತಾಯಿತು. ಜುಲೈಯಲ್ಲಿ ಕರಾವಳಿಯವರಿಗೆ ಸೂರ್ಯನೇ ಕಾಣಲಿಕ್ಕಿಲ್ಲ; ಮೇ ತಿಂಗಳದ್ದನ್ನು ಬಿಡಬೇಡಿ. ಅಂದಹಾಗೆ, ಒಂದೆರಡು ಡಿಗ್ರಿಗೆ ಚಾಪೆ ತಿರುಗಿಸುತ್ತಾ ಕೂರಬೇಕಿಲ್ಲ. ದೂರದಲ್ಲಿರುವವರಿಗೆ ದಿಕ್ಕು ಹಿಡಿದರೆ ಸಾಕು, ಎರಡೂ ಬದಿಗೆ 45 ಡಿಗ್ರಿಯೊಳಗಿದ್ದರೆ ನಮಾಝ್ ಆಗುತ್ತದೆ ಎಂದು ಹನಫಿ ವಿದ್ವಾಂಸರು ಹೇಳುತ್ತಾರೆ. ಶಾಫಿಗಳಲ್ಲಿ ಕಅಬಾದ ನೇರಕ್ಕೇ ಗುರಿ ಹಿಡಿಯಬೇಕೆಂಬ ಮಾತಿಗೆ ಒತ್ತು ಹೆಚ್ಚು.

ಹಿಜ್ರಿ, ಅಂದರೆ ಇಸ್ಲಾಮಿನ ಚಾಂದ್ರಮಾನ ತಾರೀಖಿನ ಭಾಗಕ್ಕೆ ಎರಡು ಸ್ಟಾರ್ ಸಾಕು. ಆ್ಯಪ್ ತೋರಿಸುವುದು ಮೊದಲೇ ಲೆಕ್ಕ ಹಾಕಿಟ್ಟ ಕ್ಯಾಲೆಂಡರು. ನಮ್ಮಲ್ಲಿ ತಿಂಗಳು ಶುರುವಾಗುವುದು ಚಂದ್ರದರ್ಶನದಿಂದ. ಸೌದಿಗಿಂತ ಸಾಮಾನ್ಯವಾಗಿ ಒಂದು ದಿನ ಹಿಂದೆ. ಸೆಟ್ಟಿಂಗ್ಸ್‌ನಲ್ಲಿ ‘ಹಿಜ್ರಿ ತಿದ್ದುಪಡಿ’ ಎಂಬಲ್ಲಿ −1 ಹಾಕಿದರೆ ಬಹುತೇಕ ಹೊಂದುತ್ತದೆ. ಆದರೆ ಮುಂದಿನ ತಿಂಗಳೂ ಅದೇ ಹೊಂದುತ್ತದೆಂಬ ಖಾತರಿ ಇಲ್ಲ, ಪ್ರತಿ ತಿಂಗಳ ಮೊದಲ ದಿನ ನೋಡಬೇಕು. ದಕ್ಷಿಣ ಕನ್ನಡ, ಉಡುಪಿಯವರು ಕೇರಳದ ಚಂದ್ರದರ್ಶನದ ಜೊತೆ ಹೋಗುವುದರಿಂದ, ಘಟ್ಟದ ಮೇಲಿನವರಿಗಿಂತ ಒಂದು ದಿನ ಮೊದಲೇ ಈದ್ ಬರುವ ವರ್ಷಗಳಿವೆ. ಒಂದೇ ರಾಜ್ಯಕ್ಕೆ ಎರಡು ತಿದ್ದುಪಡಿ! ಇನ್ನು, ಹಿಜ್ರಿ ದಿನ ಬದಲಾಗುವುದು ಮಗ್ರಿಬ್‌ಗೆ, ನಡುರಾತ್ರಿಗಲ್ಲ. ನಡುರಾತ್ರಿಗೆ ತಾರೀಖು ತಿರುಗಿಸುವ ಆ್ಯಪ್ ಶಅಬಾನ್ (ರಮಝಾನಿನ ಹಿಂದಿನ ತಿಂಗಳು) 15 ಎಂದು ತೋರಿಸುವ ದಿನದ ರಾತ್ರಿ ಶಬೆ ಬರಾಅತ್ ಎಂಬ ಪ್ರಾರ್ಥನೆಯ ರಾತ್ರಿ ಎಂದುಕೊಂಡರೆ ಆ ರಾತ್ರಿ ಕಳೆದೇ ಹೋಗಿರುತ್ತದೆ. ಅದು 14ರ ಸಂಜೆಯಿಂದಲೇ ಶುರು.

ಝಕಾತ್ (ಕಡ್ಡಾಯ ದಾನ) ಲೆಕ್ಕಪಟ್ಟಿಯಲ್ಲಿ ಗುಣಾಕಾರ ಸರಿ, ಆದರೆ ಒಳಗೆ ಹಾಕುವ ಅಂಕಿಯಲ್ಲೇ ಎಡವುತ್ತೇವೆ. ನಿಸಾಬ್ ಎಂದರೆ ಝಕಾತ್ ಕಡ್ಡಾಯವಾಗುವ ಕನಿಷ್ಠ ಆಸ್ತಿ: ಚಿನ್ನ ಏಳೂವರೆ ತೊಲ, ಬೆಳ್ಳಿ ಐವತ್ತೆರಡೂವರೆ ತೊಲ. ಇಲ್ಲಿನ ತೊಲ ಹಳೆಯದು, 11.664 ಗ್ರಾಮಿನದು. ಆದ್ದರಿಂದ ಚಿನ್ನ 87.48 ಗ್ರಾಂ, ಬೆಳ್ಳಿ 612.36 ಗ್ರಾಂ. ಈಗಿನ ಆಭರಣದಂಗಡಿಗಳಲ್ಲಿ ತೊಲವೆಂದರೆ ಹತ್ತು ಗ್ರಾಂ ಎಂಬ ರೂಢಿ ಇರುವುದರಿಂದ 75 ಗ್ರಾಂ ಎಂದು ಬರೆದುಕೊಂಡವರಿದ್ದಾರೆ. ಆ್ಯಪ್‌ಗಳಲ್ಲಿ 85 ಮತ್ತು 595 ಎಂಬ ಅಂಕಿಯೂ ಕಾಣುತ್ತದೆ, ಅದು ಅರಬ್ ದೇಶಗಳಲ್ಲಿ ನಡೆಯುವ ಅಳತೆ. ಚಿನ್ನ, ನಗದು, ವ್ಯಾಪಾರದ ಸರಕು ಬೆರೆತಿದ್ದರೆ ನಮ್ಮ ಹನಫಿ ಉಲಮಾ ಬೆಳ್ಳಿಯ ನಿಸಾಬ್ ಹಿಡಿಯುತ್ತಾರೆ. ಅದು ಬಹಳ ಕೆಳಗಿನ ಗೆರೆ, ಆ್ಯಪ್ ಚಿನ್ನದ ಮೇಲೆ ನಿಂತಿದ್ದರೆ ‘ನಿಮಗೆ ಝಕಾತ್ ಇಲ್ಲ’ ಎಂದು ತಪ್ಪು ಸಮಾಧಾನ ಹೇಳುತ್ತದೆ.

ಮೈಮೇಲಿನ ಒಡವೆಗೆ ಮತ್ತೆ ಮದ್‌ಹಬ್ ಬರುತ್ತದೆ. ಹೆಂಗಸರು ತೊಡುವ ಚಿನ್ನಕ್ಕೂ ಹನಫಿಗಳಲ್ಲಿ ಝಕಾತ್ ಇದೆ. ಶಾಫಿಗಳಲ್ಲಿ ರೂಢಿಯ ಮಿತಿಯೊಳಗೆ ತೊಡುವ ಒಡವೆಗೆ ಇಲ್ಲ. ಅಸರ್ ವೇಳೆಗೆ ಮದ್‌ಹಬ್ ಕೇಳಿದ ಆ್ಯಪ್ ಇಲ್ಲಿಯೂ ಅದನ್ನೇ ಓದಿಕೊಳ್ಳಬೇಕಿತ್ತು. ಬರೀ ‘ಚಿನ್ನ ಎಷ್ಟು ಗ್ರಾಂ’ ಎಂದು ಕೇಳಿ ಸುಮ್ಮನಾದರೆ ಅರ್ಧ ಕೆಲಸ. ದರ ಎರಡೂವರೆ ಶೇಕಡ, ಲಕ್ಷಕ್ಕೆ 2,500 ರೂಪಾಯಿ. ಇದು ಸುಮಾರು 354 ದಿನಗಳ ಚಾಂದ್ರಮಾನ ವರ್ಷಕ್ಕೆ, ಅಂದರೆ ಒಂದು ‘ಹೌಲ್’ಗೆ. ಮಾರ್ಚ್ 31ರ ಲೆಕ್ಕಪುಸ್ತಕ ಹಿಡಿದು ಕೊಡುವ ವ್ಯಾಪಾರಿಗಳಿಗೆ ಸರಿದೂಗಿಸಿದ ದರ 2.577 ಶೇಕಡ. ಆ ಆಯ್ಕೆ ಇರುವ ಆ್ಯಪ್ ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ.

ತಸ್ಬೀಹ್ (ಜಪ) ಎಣಿಸುವ ಗುಂಡಿ, ದುಆಗಳ (ಪ್ರಾರ್ಥನೆಗಳ) ಪಟ್ಟಿ, ಹಿನ್ನೆಲೆ ಚಿತ್ರ ಇವೆಲ್ಲ ಇದ್ದರೆ ಇರಲಿ. ಎಣಿಸುವುದಕ್ಕೆ ಬೆರಳಿನ ಗೆಣ್ಣುಗಳಿವೆ, ಅವಕ್ಕೆ ಜಾಹೀರಾತು ಬರುವುದಿಲ್ಲ.

ಉಚಿತ ಆ್ಯಪ್‌ನ ಬೆಲೆ ಜಾಹೀರಾತು ಮತ್ತು ನಿಮ್ಮ ಜಾಗದ ಮಾಹಿತಿ. 2020ರ ನವೆಂಬರಿನಲ್ಲಿ, ಮುಸ್ಲಿಂ ಪ್ರೊ ಬಳಕೆದಾರರ ಸ್ಥಳದ ಮಾಹಿತಿ ಎಕ್ಸ್-ಮೋಡ್ ಎಂಬ ಕಂಪನಿಗೆ ಹೋಗುತ್ತಿತ್ತು, ಆ ಕಂಪನಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರಿದ್ದರು ಎಂದು ಪತ್ರಿಕಾ ವರದಿ ಬಂದಾಗ ದೊಡ್ಡ ಗದ್ದಲವೇ ಆಯಿತು. ಆ್ಯಪ್‌ನವರು ಆ ಸಂಬಂಧ ಕಡಿದುಕೊಂಡೆವೆಂದು ಪ್ರಕಟಿಸಿದರು. ಯಾವ ಆ್ಯಪ್ ಆದರೂ ನಿಮ್ಮ ಮನೆಯ ಬಾಗಿಲವರೆಗಿನ ವಿಳಾಸ ಕೊಡುವ ಅಗತ್ಯವೇ ಇಲ್ಲ. 27 ಕಿಲೋಮೀಟರಿಗೆ ಒಂದು ನಿಮಿಷ ಎಂದೆವಲ್ಲ, ಅಷ್ಟಕ್ಕೆ ‘ಅಂದಾಜು ಸ್ಥಳ’ದ ಅನುಮತಿ ಧಾರಾಳ ಸಾಕು. ಪ್ರಯಾಣ ಕಡಿಮೆ ಇರುವವರು ಅನುಮತಿಯನ್ನೇ ಕೊಡದೆ ಊರಿನ ಹೆಸರು ಆರಿಸಿಕೊಳ್ಳಬಹುದು, ಹೊರಗೆ ಹೋದಾಗ ಬದಲಿಸುವ ನೆನಪಿದ್ದರೆ. ಹಣ ಕೊಟ್ಟು ಪ್ರೀಮಿಯಂ ತೆಗೆದುಕೊಂಡರೆ ಜಾಹೀರಾತು ಹೋಗುತ್ತದೆ, ವೇಳೆಯ ಲೆಕ್ಕ ಒಂದು ಸೆಕೆಂಡೂ ಬದಲಾಗುವುದಿಲ್ಲ. ಕುರ್‌ಆನ್ ಓದಲು ಅದೇ ಆ್ಯಪ್ ಬಳಸುವವರಿಗೆ ಅದು ಸಾರ್ಥಕ, ಆಯತ್ ನಡುವೆ ಸಾಲದ ಜಾಹೀರಾತು ಬಂದರೆ ಯಾರಿಗೆ ಬೇಕು. ವೇಳೆಗೆ ಮಾತ್ರ ಬಳಸುವವರಿಗೆ ದಂಡ.

ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಮೇಲಿನ 18 ಡಿಗ್ರಿಯ ಸಲಹೆ ಬೇಸಿಗೆಯಲ್ಲಿ ನಡೆಯದು. ಮೇ ಕೊನೆಯಿಂದ ಜುಲೈ ಮೂರನೇ ವಾರದವರೆಗೆ ಅಲ್ಲಿ ಸೂರ್ಯ ರಾತ್ರಿಯಿಡೀ 18 ಡಿಗ್ರಿ ಕೆಳಗೆ ಇಳಿಯುವುದೇ ಇಲ್ಲ, ಆ್ಯಪ್ ಇಶಾ ಜಾಗದಲ್ಲಿ ಖಾಲಿ ಗೆರೆ ತೋರಿಸಬಹುದು. ಅದಕ್ಕೆಂದೇ ‘ಉನ್ನತ ಅಕ್ಷಾಂಶ’ ಎಂಬ ಆಯ್ಕೆ ಇದೆ: ನಡುರಾತ್ರಿ, ರಾತ್ರಿಯ ಏಳನೇ ಒಂದು ಭಾಗ, ಕೋನಕ್ಕೆ ತಕ್ಕ ಪಾಲು. ಮೂರರಲ್ಲಿ ಯಾವುದೆಂದು ಆ ಊರಿನ ಮಸೀದಿಯನ್ನು ಕೇಳಿಯೇ ಹಾಕಬೇಕು. ಇಲ್ಲಿರುವವರೂ ಎಲ್ಲ ಸೆಟ್ಟಿಂಗ್ ಮುಗಿಸಿದ ಮೇಲೆ ಮೂರು ದಿನ ಆ್ಯಪ್ ಮತ್ತು ಮಸೀದಿಯ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡು-ಮೂರು ನಿಮಿಷದ ಅಂತರ ಇದ್ದರೆ ಅದು ಪಟ್ಟಿ ಮಾಡಿದವರು ಎಚ್ಚರಿಕೆಗೆಂದು ಸೇರಿಸಿದ್ದು. ಆ್ಯಪ್‌ನ ‘ಕೈತಿದ್ದುಪಡಿ’ಯಲ್ಲಿ ಮಗ್ರಿಬ್‌ಗೆ +2 ಅಥವಾ +3 ಹಾಕಿದರೆ ಹೊಂದಿಕೊಳ್ಳುತ್ತದೆ. ಹತ್ತರ ಮೇಲಿದ್ದರೆ ವಿಧಾನ ಅಥವಾ ಊರು ತಪ್ಪಿದೆ. ಅಸರ್ ಮಾತ್ರ ಒಂದು ಗಂಟೆ ಆಚೀಚೆ ಇದ್ದರೆ, ಏನು ಮಾಡಬೇಕೆಂದು ಈಗ ಗೊತ್ತಿದೆ.